ಎಲ್ಲಾ ನಾರ್ಮಲ್ ಕಣೇ

ಶಿವನಿ
17 ನವೆಂಬರ್ 2024, ಭಾನುವಾರ

ಪ್ರೀತಿಯ ಸುಮನಾ,

ನೀನೂ ಗುರುಮೂರ್ತಿಯವರೂ ವೇಣುವೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಾವೂ ಇಲ್ಲಿ ಚೆನ್ನಾಗಿದ್ದೇವೆ. ಈ ಮಾತನ್ನು ಆರೂವರೆ ವರ್ಷದ ಮೇಲೆ ಮೊದಲ ಸಲ ಸುಳ್ಳಿಲ್ಲದೆ ಬರೆಯುತ್ತಿದ್ದೇನೆ.

ಆಗಸ್ಟಿನಿಂದ ಈಚೆಗೆ ನೀನು ಎಷ್ಟೋ ಸಲ ಫೋನ್ ಮಾಡಿದೆ. ನಾನು ಎತ್ತಲಿಲ್ಲ. "ಏನಾಯ್ತೇ ನಿಂಗೆ, ಮಾತಾಡೇ" ಅಂತ ಮೆಸೇಜು ಹಾಕಿದೆ, ಓದಿ ಸುಮ್ಮನಿದ್ದೆ. ಇಷ್ಟು ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ. ನೀನು ಅತ್ತರೆ ನಾನು "ಹೋಗ್ಲಿ ಬಿಡೇ" ಅಂದುಬಿಡುತ್ತೇನೆ. ಅಜ್ಜಂಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತಾಗಿನಿಂದ ನಮ್ಮ ಜಗಳಗಳೆಲ್ಲ ಮುಗಿದದ್ದು ಹಾಗೆಯೇ. ಈ ಸಲ ಹಾಗೆ ಮುಗಿಯುವುದು ನನಗೆ ಬೇಡ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಇವರು ಅಜ್ಜಂಪುರಕ್ಕೆ ಟಿಲ್ಲರ್ ರಿಪೇರಿಗೆ ಹೋಗಿದ್ದಾರೆ, ಅತ್ತೆ ಬಿಸಿಲಿಗೆ ಹುರುಳಿ ಹರವಿಕೊಂಡು ಕೂತಿದ್ದಾರೆ. ಮನೆಯಲ್ಲಿ ಸದ್ದಿಲ್ಲ.

ಮೊದಲು ಸಮಾಚಾರ ಹೇಳಿಬಿಡುತ್ತೇನೆ. ನಮ್ಮ ಪ್ರಜ್ಞಾ ಲ್ಯಾಬ್ ಟೆಕ್ನಾಲಜಿ ಎರಡನೇ ವರ್ಷ ಪಾಸಾದಳು, ಈಗ ಶಿವಮೊಗ್ಗದ ಆಸ್ಪತ್ರೆಯಲ್ಲೇ ಪೋಸ್ಟಿಂಗು. ನಮ್ಮ ಅಂಗನವಾಡಿಗೆ ಕೊನೆಗೂ ಹೊಸ ಚಾವಣಿ ಬಂತು. ಈ ವರ್ಷ ಇಪ್ಪತ್ತೆರಡು ಮಕ್ಕಳಿವೆ. ಹೋದ ತಿಂಗಳು ಮಕ್ಕಳ ಜೊತೆ ನೆಲದ ಮೇಲೆ, ಜಮಖಾನದ ಮೇಲೆ ಕೂತು ಹಾಡು ಹೇಳಿಕೊಟ್ಟೆ. ಕುರ್ಚಿ ಬಿಟ್ಟು ಕೆಳಗೆ ಕೂತ ನನ್ನನ್ನು ನೋಡಿ ಸಹಾಯಕಿ ಕಣ್ಣು ಒರೆಸಿಕೊಂಡಳು. ಅವಳಿಗೆ ಗೊತ್ತಿತ್ತು ಅಂತ ನನಗೆ ಆಗಲೇ ಗೊತ್ತಾಗಿದ್ದು.

ಈಗ ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಓದು. ನಿನಗೆ ಗೊತ್ತಿರುವುದು ನರ್ಸಿನ ಕಡೆಯಿಂದ. ನನ್ನ ಕಡೆಯಿಂದ ಅದು ಹೇಗಿತ್ತು ಅಂತ ನಾಚಿಕೆಗೆ ನಾನು ನಿನಗೂ ಪೂರ್ತಿ ಹೇಳಿರಲಿಲ್ಲ.

2018ರ ಫೆಬ್ರವರಿಯಲ್ಲಿ ತರೀಕೆರೆಯಲ್ಲಿ ನೀನಿದ್ದ ನರ್ಸಿಂಗ್ ಹೋಮಿನಲ್ಲಿ ನನ್ನ ಗರ್ಭಕೋಶ ತೆಗೆದರು. ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು, ಗಡ್ಡೆ ಇತ್ತು, ತೆಗೆಸಲೇಬೇಕಿತ್ತು. ಅದರಲ್ಲಿ ತಕರಾರಿಲ್ಲ. ಬೇರೆ ಎಲ್ಲಾದರೂ ಮಾಡಿಸೋಣ ಅಂತ ಇವರು ಅಂದಾಗ ನಾನೇ ಅಂದೆ, "ಸುಮನಾ ಅಲ್ಲೇ ಥಿಯೇಟ್ರಲ್ಲಿರ್ತಾಳೆ. ಅವಳು ಪಕ್ಕದಲ್ಲಿದ್ರೆ ನಂಗೆ ಭಯ ಇಲ್ಲ." ನೀನು ನನ್ನ ಕೈ ಹಿಡಿದುಕೊಂಡೇ ಇದ್ದೆ, ನನಗೆ ಪ್ರಜ್ಞೆ ತಪ್ಪುವ ತನಕ.

ಹನ್ನೊಂದನೇ ದಿನ ಶುರುವಾಯಿತು. ಬೆಳಿಗ್ಗೆ ಎದ್ದಾಗ ಚಾಪೆ ಒದ್ದೆ. ನಿದ್ದೆಯಲ್ಲಿ ಆಯಿತೇನೋ ಅಂದುಕೊಂಡೆ. ಮಧ್ಯಾಹ್ನ ಎಚ್ಚರವಾಗಿ ಕೂತಿದ್ದಾಗಲೂ ಆಯಿತು. ಕೆಮ್ಮಲಿಲ್ಲ, ಸೀನಲಿಲ್ಲ, ಭಾರ ಎತ್ತಲಿಲ್ಲ. ಸುಮ್ಮನೆ ತೊಟ್ಟಿಕ್ಕುತ್ತಿತ್ತು, ನಲ್ಲಿಯ ವಾಷರ್ ಹೋದ ಹಾಗೆ. ಆದರೆ ಎಲ್ಲರ ಹಾಗೆ ಉಚ್ಚೆಗೂ ಹೋಗುತ್ತಿದ್ದೆ, ಅದರಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಅದೇ ನನಗೆ ಅರ್ಥವಾಗದೆ ಇದ್ದದ್ದು. ಮೂತ್ರದ ಚೀಲ ತೂತಾಗಿದ್ದರೆ ಎಲ್ಲ ಸೋರಿಹೋಗಬೇಕು. ತೂತಾಗಿಲ್ಲದಿದ್ದರೆ ಸೋರಬಾರದು.

ನಿನಗೇ ಮೊದಲು ಹೇಳಿದ್ದು. ನೀನು ಮಾರನೇ ದಿನವೇ ಬಂದೆ. "ಗರ್ಭಕೋಶ ತೆಗೆದ್ಮೇಲೆ ಎಷ್ಟೋ ಜನಕ್ಕೆ ಹಿಂಗೇ ಆಗುತ್ತೆ ಕಣೇ, ಒಳಗಿನ ಸ್ನಾಯು ಸಡಿಲ ಆಗಿರುತ್ತೆ. ಬಿಗಿ ಹಿಡಿದು ಹತ್ತು ಎಣಿಸು, ಬಿಡು. ದಿನಕ್ಕೆ ಮೂವತ್ತು ಸಲ ಮಾಡು" ಅಂದೆ. ನಾನು ಮಾಡಿದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಒಂದರಿಂದ ಹತ್ತು ಹೇಳಿಕೊಡುವಾಗಲೆಲ್ಲ ಬಿಗಿ ಹಿಡಿಯುತ್ತಿದ್ದೆ. ಒಂದೂವರೆ ವರ್ಷ ಹೀಗೆ ಎಣಿಸಿದೆ ಸುಮನಾ. ಮಕ್ಕಳಿಗೆ ಎಣಿಕೆ ಬಂತು, ನನಗೆ ಒಂದು ತೊಟ್ಟೂ ನಿಲ್ಲಲಿಲ್ಲ.

ಒಂದು ದಿನ ನಾಲ್ಕು ವರ್ಷದ ಹುಡುಗಿಯೊಬ್ಬಳು ನಾನು ಎದ್ದ ಕುರ್ಚಿ ಮುಟ್ಟಿ ನೋಡಿ, "ಮಿಸ್ಸೂ ಉಚ್ಚೆ ಮಾಡ್ಕೊಂಡವ್ರೆ!" ಅಂದಳು. ಮಕ್ಕಳೆಲ್ಲ ನಕ್ಕವು. ನಾನೂ ನಕ್ಕೆ, ನೀರು ಚೆಲ್ಲಿತ್ತು ಪುಟ್ಟಿ ಅಂದೆ. ಅಂದಿನಿಂದ ಕಪ್ಪು, ಕಡು ನೀಲಿ ಬಿಟ್ಟು ಬೇರೆ ಬಣ್ಣದ ಸೀರೆ ಉಡಲಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೀರು ಕುಡಿಯುವುದು ಬಿಟ್ಟೆ. ಮದುವೆ, ಗೃಹಪ್ರವೇಶ ಬಿಟ್ಟೆ. ರೈಲಿನಲ್ಲಿ ಹೋಗಬೇಕಾಗಿ ಬಂದರೆ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ, ಗಾಳಿಗೆ ವಾಸನೆ ಹೋಗಲಿ ಅಂತ. ಇವರು ಒಂದು ದಿನವೂ ಮುಖ ಕಿವುಚಲಿಲ್ಲ. ನಾನೇ ಹಾಸಿಗೆ ಬೇರೆ ಮಾಡಿಕೊಂಡೆ. "ಯಾಕೆ ತ್ರಿವೇಣಿ, ನಾನೇನಂದೆ?" ಅಂತ ಇವರು ಕೇಳಿದರು. ಏನೂ ಅಂದಿರಲಿಲ್ಲ. ಅನ್ನುವ ಮುಂಚೆ ದೂರ ಹೋಗಿಬಿಡೋಣ ಅಂತ ಹೋದೆ.

ಅತ್ತೆ ಕಾಂತಮ್ಮ ಇದು ಯಾರೋ ಮಾಡಿಸಿದ್ದು ಅಂದರು. ಅವರ ಸಮಾಧಾನಕ್ಕೆ ಹರಕೆ ಕಟ್ಟಿಕೊಂಡೆ. ಬುಕ್ಕಾಂಬುಧಿಯಲ್ಲಿ ನಾಟಿ ಔಷಧಿ ಕೊಡುವವರೊಬ್ಬರಿದ್ದಾರೆ, ಅವರು ಕೊಟ್ಟ ಕಷಾಯ ಮೂರು ತಿಂಗಳು ಕುಡಿದೆ. ಕಡೂರಿನಲ್ಲಿ ಒಬ್ಬ ಡಾಕ್ಟರು ಶುಗರ್ ನೋಡಿದರು, ಇನ್ನೊಬ್ಬರು ಇನ್ಫೆಕ್ಷನ್ ಅಂದರು, ಮತ್ತೊಬ್ಬರು ಮಾತ್ರೆ ಬರೆದು "ಮನಸ್ಸಿಗೆ ಹಚ್ಕೋಬೇಡಿ, ಟೆನ್ಶನ್‌ಗೂ ಹಿಂಗಾಗುತ್ತೆ" ಅಂದರು. ಟೆನ್ಶನ್‌ನಿಂದ ಸೋರುತ್ತಿದೆಯೋ, ಸೋರುವುದರಿಂದ ಟೆನ್ಶನ್ನೋ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಎರಡು ವರ್ಷ ಕಳೆಯುವ ಹೊತ್ತಿಗೆ ತಪ್ಪು ನನ್ನ ಮೈಯಲ್ಲೇ ಇದೆ, ಇದಕ್ಕೆ ಕಾರಣ ಅಂತ ಒಂದಿಲ್ಲ ಅಂತ ನಾನೇ ನಂಬಿಬಿಟ್ಟಿದ್ದೆ.

ಆ ಆರು ವರ್ಷ ನೀನು ನನಗೆ ಏನೇನು ಮಾಡಿದೆ ಅನ್ನುವುದನ್ನೂ ಬರೆಯಬೇಕು. ಬರೆಯದಿದ್ದರೆ ಅನ್ಯಾಯ. ತಿಂಗಳಿಗೊಮ್ಮೆ ತರೀಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬ್ಯಾಗಿನ ತುಂಬ ಪ್ಯಾಡು ತರುತ್ತಿದ್ದೆ. ತೊಡೆಯ ಸಂದಿ ಬೆಂದು ಸಿಪ್ಪೆ ಎದ್ದಾಗ ನಾನು ಗಂಡನಿಗೂ ತೋರಿಸಲಿಲ್ಲ, ನಿನಗೆ ತೋರಿಸಿದೆ. ನೀನು ಕದ ಹಾಕಿ, ಟಾರ್ಚ್ ಹಿಡಿದು ನೋಡಿ, ನಿನ್ನ ಕೈಯಾರೆ ಮುಲಾಮು ಹಚ್ಚಿದೆ. "ದೇವ್ರು ನಿನ್ನಂಥೋಳಿಗೆ ಯಾಕೆ ಕೊಡ್ತಾನೋ" ಅಂತ ಕಣ್ಣೀರು ಹಾಕಿದೆ. ನಾನು ನಿನ್ನ ಬೆನ್ನು ಸವರಿ ಸಮಾಧಾನ ಮಾಡಿದೆ.

2019ರಲ್ಲಿ ಕಡೂರಿನ ಒಬ್ಬ ಹೊಸ ಲೇಡಿ ಡಾಕ್ಟರು ನನ್ನ ಮಾತು ಪೂರ್ತಿ ಕೇಳಿ, ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ ಅಂತ ಚೀಟಿ ಬರೆದುಕೊಟ್ಟರು. ನೆನಪಿದೆಯಾ? ಆ ಚೀಟಿ ತಂದು ನಾನು ನಿನಗೇ ತೋರಿಸಿದೆ. ನೀನು ಓದಿದೆ. ಮಡಿಚಿದೆ. "ಅಲ್ಲಿ ಕಲಿಯೋ ಹುಡುಗ್ರೆಲ್ಲ ಸುತ್ತ ನಿಂತು ನೋಡ್ತಾರೆ ಕಣೇ, ಮತ್ತೆ ಕೊಯ್ದು ಹಾಕ್ತಾರೆ. ಬೇಡ. ನಮ್ ಡಾಕ್ಟ್ರಿಗೇ ತೋರಿಸ್ತೀನಿ ತಾಳು" ಅಂತ ಚೀಟಿಯನ್ನು ನಿನ್ನ ಬ್ಯಾಗಿಗೆ ಹಾಕಿಕೊಂಡೆ. ಮುಂದಿನ ತಿಂಗಳು ಕೇಳಿದಾಗ, "ಡಾಕ್ಟ್ರು ನೋಡಿದ್ರು, ಏನೂ ಬೇಕಾಗಿಲ್ಲ ಅಂದ್ರು" ಅಂದೆ. ನಾನು ನಂಬಿದೆ. ನಂಬಿದ್ದಕ್ಕೆ ನನಗೆ ಆಶ್ಚರ್ಯವಿಲ್ಲ. ನಿನ್ನನ್ನು ನಂಬದೆ ಇನ್ಯಾರನ್ನು ನಂಬಬೇಕಿತ್ತು?

ಈ ವರ್ಷ ಮೇ ತಿಂಗಳಲ್ಲಿ ಪ್ರಜ್ಞಾ ಹಾಸ್ಟೆಲಿನಿಂದ ಫೋನ್ ಮಾಡಿದಳು. ಯಾವುದೋ ಕ್ಲಾಸು ಮುಗಿಸಿ ಬಂದಿದ್ದಳು.

"ಅಮ್ಮ, ಎರಡು ಪ್ರಶ್ನೆ ಕೇಳ್ತೀನಿ, ನಾಚ್ಕೋಬೇಡ. ಸುಮ್ನೆ ಕೂತಿದ್ರೂ ಸೋರುತ್ತಾ?"

"ಹೂಂ."

"ಅದರ ಜೊತೆಗೆ ಬಾತ್‌ರೂಮಿಗೂ ಮಾಮೂಲಾಗಿ ಹೋಗ್ತೀಯಾ?"

"ಹೋಗ್ತೀನಿ ಕಣೇ, ಯಾಕೆ?"

"ಅಮ್ಮ, ಅದು ಸ್ನಾಯುದಲ್ಲ. ನೀನು ಸೋಮವಾರ ಶಿವಮೊಗ್ಗಕ್ಕೆ ಬಾ. ಸುಮನಾ ಆಂಟಿನ ಕೇಳ್ಕೊಂಡು ಬರ್ತೀನಿ ಅನ್ಬೇಡ, ಸುಮ್ನೆ ಬಾ" ಅಂದಳು. ಆಗ ಅವಳಿಗೆ ನಿನ್ನ ಮೇಲೆ ಅನುಮಾನವೇನೂ ಇರಲಿಲ್ಲ. ನಾನು ಎಲ್ಲದಕ್ಕೂ ನಿನ್ನನ್ನು ಕೇಳುತ್ತೇನೆ ಅನ್ನುವುದಷ್ಟೇ ಅವಳಿಗೆ ಸಿಟ್ಟು.

ಅಲ್ಲಿನ ಯುರಾಲಜಿ ಡಾಕ್ಟರಮ್ಮನಿಗೆ ನನಗಿಂತ ಚಿಕ್ಕ ವಯಸ್ಸು. ನಾನು ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಇದ್ದೆ. "ಒದ್ದೆ ಆದ್ರೆ ಒರೆಸ್ತೀವಿ, ಕೂತ್ಕೊಳ್ಳಿ ಅಮ್ಮ" ಅಂದರು. ಆ ಒಂದು ಮಾತಿಗೆ ನನಗೆ ಅಳು ಬಂತು. ಅವತ್ತು ಒಂದು ಪರೀಕ್ಷೆ ಮಾಡಿದರು. ಮುಂಚೆಯೇ ಒಂದು ಮಾತ್ರೆ ನುಂಗಿಸಿದ್ದರು, ಅದರಿಂದ ಕಿಡ್ನಿಯಿಂದ ಬರುವ ಉಚ್ಚೆ ಕೇಸರಿ ಬಣ್ಣ ಆಗುತ್ತದಂತೆ. ಆಮೇಲೆ ಪೈಪಿನಲ್ಲಿ ಮೂತ್ರಚೀಲಕ್ಕೆ ನೀಲಿ ನೀರು ತುಂಬಿ, ಹೆರಿಗೆಯ ದಾರಿಯೊಳಗೆ ಬಿಳಿ ಬಟ್ಟೆಯ ಸುರುಳಿ ಇಟ್ಟು, "ಹೋಗಿ, ವರಾಂಡದಲ್ಲಿ ಅರ್ಧ ಗಂಟೆ ಓಡಾಡಿ ಬನ್ನಿ. ಬಟ್ಟೆ ನೀಲಿ ಆದ್ರೆ ಚೀಲದಲ್ಲಿ ತೂತು. ಕೇಸರಿ ಆದ್ರೆ ಮೇಲಿನ ನಾಳದಲ್ಲಿ" ಅಂದರು.

ಪ್ರಜ್ಞಾಳ ಕೈ ಹಿಡಿದು ವರಾಂಡದ ಈ ತುದಿಯಿಂದ ಆ ತುದಿಗೆ ನಡೆದೆ. ಮನಸ್ಸಿನಲ್ಲಿ ಒಂದೇ ಬೇಡಿಕೆ, ಯಾವುದಾದರೂ ಒಂದು ಬಣ್ಣ ಬರಲಿ. ಬಣ್ಣವೇ ಬರದೆ ಹೋದರೆ ಮತ್ತೆ ಟೆನ್ಶನ್ ಅಂದುಬಿಡುತ್ತಾರೆ.

ತೆಗೆದಾಗ ಬಟ್ಟೆ ಕೇಸರಿಯಾಗಿತ್ತು. ನೀಲಿಯ ಗುರುತೂ ಇರಲಿಲ್ಲ. ಡಾಕ್ಟರಮ್ಮ ಅದನ್ನು ಟ್ರೇನಲ್ಲಿಟ್ಟು ನನಗೆ ತೋರಿಸಿದರು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಬಣ್ಣ ನೋಡಿರಲಿಲ್ಲ.

"ಕಿಡ್ನಿಯಿಂದ ಚೀಲಕ್ಕೆ ಉಚ್ಚೆ ತರೋ ನಾಳ ಎರಡಿರುತ್ತೆ. ನಿಮ್ಮ ಬಲಗಡೆದು ಸರಿಯಾಗಿದೆ, ಅದಕ್ಕೇ ನೀವು ಮಾಮೂಲಾಗಿ ಹೋಗ್ತಿದ್ರಿ. ಎಡಗಡೆದು ಗರ್ಭಕೋಶ ತೆಗೆಯೋವಾಗ ಗಾಯ ಆಗಿದೆ. ಅದು ಚೀಲಕ್ಕೆ ಹೋಗೋ ಬದಲು ಗರ್ಭಕೋಶ ಇದ್ದ ಜಾಗದಿಂದ ಹೊರಗೆ ದಾರಿ ಮಾಡ್ಕೊಂಡಿದೆ. ನಿಮ್ಮ ಸ್ನಾಯು ಗಟ್ಟಿಯಾಗಿದೆ ಅಮ್ಮ" ಅಂದರು. ಆಮೇಲಿನ ಸ್ಕ್ಯಾನಿನಲ್ಲೂ ಅದೇ ಕಾಣಿಸಿತು. ಎಡ ಕಿಡ್ನಿ ಊದಿಕೊಂಡು ಕಾಲು ಭಾಗ ಮಾತ್ರ ಕೆಲಸ ಮಾಡುತ್ತಿತ್ತು. ಮೊದಲ ವಾರಗಳಲ್ಲೇ ಬಂದಿದ್ದರೆ ಒಳಗೆ ಒಂದು ಸಣ್ಣ ನಳಿಗೆ ಹಾಕಿಯೇ ವಾಸಿಯಾಗುವ ಸಾಧ್ಯತೆ ಇತ್ತಂತೆ.

"ಇದು ಡಾಕ್ಟ್ರ ತಪ್ಪಾ ಮೇಡಂ?" ಅಂತ ಇವರು ಕೇಳಿದರು.

"ಒಳ್ಳೆ ಸರ್ಜನ್ ಕೈಲೂ ಇದು ಆಗುತ್ತೆ. ಆಗಿದ್ದನ್ನ ತಪ್ಪು ಅನ್ನಲ್ಲ ನಾನು. ಆವತ್ತೇ ಅವರಿಗೆ ಗೊತ್ತಾಗಿತ್ತಾ, ಗೊತ್ತಾಗಿದ್ರೆ ಯಾಕೆ ಕಳಿಸ್ಲಿಲ್ಲ ಅನ್ನೋದು ಬೇರೆ ಮಾತು. ಹಳೇ ಆಪರೇಷನ್ ನೋಟ್ಸ್ ಇದ್ರೆ ತನ್ನಿ, ನನಗೂ ಅನುಕೂಲ" ಅಂದರು.

ನನ್ನ ಹತ್ತಿರ ಇದ್ದದ್ದು ಡಿಸ್ಚಾರ್ಜ್ ಕಾರ್ಡು ಮಾತ್ರ. ಅದರಲ್ಲಿ ಏನೂ ಇಲ್ಲ. ನರ್ಸಿಂಗ್ ಹೋಮ್ ಮುಚ್ಚಿ ಎರಡು ವರ್ಷ ಆಗಿತ್ತು, ಡಾಕ್ಟರು ಮೈಸೂರಿಗೆ ಹೋಗಿದ್ದರು. ನಿನ್ನನ್ನು ಕೇಳೋಣ ಅಂದೆ. "ಆಂಟಿ ಡ್ಯೂಟೀಲಿರ್ತಾರೆ, ನಾವೇ ಹೋಗಿ ನೋಡೋಣ" ಅಂತ ಪ್ರಜ್ಞಾ ಜುಲೈನಲ್ಲಿ ನನ್ನನ್ನು ತರೀಕೆರೆಗೆ ಕರೆದುಕೊಂಡು ಹೋದಳು. ಅಲ್ಲಿ ಥಿಯೇಟರ್ ಅಟೆಂಡರ್ ಆಗಿದ್ದ ಹಾಲೇಶ್ ಈಗ ಅದೇ ಖಾಲಿ ಕಟ್ಟಡಕ್ಕೆ ವಾಚ್‌ಮನ್. ಹಳೇ ಕಾಗದಗಳೆಲ್ಲ ಒಂದು ರೂಮಿನಲ್ಲಿ ಚೀಲ ಕಟ್ಟಿ ಬಿದ್ದಿವೆ. ನನ್ನ ಮುಖ ನೋಡಿದ್ದೇ ಅವನಿಗೆ ಗುರುತು ಸಿಕ್ಕಿತು.

"ಸುಮನಕ್ಕನ ಫ್ರೆಂಡಲ್ವಾ ನೀವು? ಈಗ ಎಂಗಿದೀರಕ್ಕಾ? ನಿಂತೋಯ್ತಾ ಅದು?"

"ಯಾವ್ದು ನಿಂತೋಯ್ತಾ ಅಂತೀಯಪ್ಪಾ?" ಅಂದೆ. ಅವನು ತಲೆ ತಗ್ಗಿಸಿಕೊಂಡು ಚೀಲ ಬಿಚ್ಚಲು ಶುರುಮಾಡಿದ.

ಮೂರು ಗಂಟೆ ಹುಡುಕಿದೆವು. ಕೊನೆಗೆ ಥಿಯೇಟರ್ ರಿಜಿಸ್ಟರ್ ಸಿಕ್ಕಿತು. ಇಂಗ್ಲಿಷಿನಲ್ಲಿದ್ದದ್ದನ್ನು ಪ್ರಜ್ಞಾ ಓದಿ ಹೇಳಿದಳು: ಎಡಗಡೆ ರಕ್ತಸ್ರಾವ ಜಾಸ್ತಿ, ರಕ್ತ ನಿಲ್ಲಿಸಲು ಇಕ್ಕಳ ಹಾಕಿದಾಗ ಮೂತ್ರನಾಳ ಸಿಕ್ಕಿಕೊಂಡಿರುವ ಸಂಶಯ, ಇಕ್ಕಳ ತೆಗೆದಿದೆ, ಮುಂದೆ ಸೋರಿಕೆ ಕಂಡರೆ ತಕ್ಷಣ ಯುರಾಲಜಿಸ್ಟ್ ಹತ್ತಿರ ಕಳಿಸುವುದು. ಅವಳು ಓದುತ್ತಿದ್ದಳು, ನಾನು ಅಕ್ಷರ ನೋಡುತ್ತಿದ್ದೆ. ಆ ದುಂಡು ಅಕ್ಷರ ನನಗೆ ಎಂಟನೇ ಕ್ಲಾಸಿನಿಂದ ಗೊತ್ತು. ನನ್ನ ನೋಟ್ಸು ನೀನೇ ಬರೆದುಕೊಡುತ್ತಿದ್ದೆಯಲ್ಲ. ಕೆಳಗೆ ನಿನ್ನ ಸಹಿ.

ಹಾಲೇಶ್ ಆಗ ಬಾಯಿಬಿಟ್ಟ. "ನಾನು ಕಸ ಗುಡಿಸೋನು, ನಂಗೇನ್ ಅರ್ಥ ಆಗ್ತದಕ್ಕಾ. ಆದ್ರೆ ನೀವು ಸೋರ್ತದೆ ಅಂತ ಫೋನ್ ಮಾಡಿದ್ ದಿನ ಡಾಕ್ಟ್ರು ಸುಮನಕ್ಕನ್ನ ರೂಮಿಗೆ ಕರೆದ್ರು. ಆಯಮ್ಮ ನಿನ್ ಸ್ನೇಹಿತೆ, ನೀನೇ ಸಮಾಧಾನ ಮಾಡು, ಬೇರೆ ಕಡೆ ಹೋಗ್ದಂಗೆ ನೋಡ್ಕೋ ಅಂದ್ರು. ಅಕ್ಕ ಆಚೆ ಬಂದು ಅತ್ಕೊಂಡು ನಿಂತಿದ್ರು. ಆಮೇಲೆ ಅವ್ರೇ ಹೆಡ್ ನರ್ಸ್ ಆದ್ರು."

ನಾನು ಅಲ್ಲೇ ಕಾಗದದ ಚೀಲದ ಮೇಲೆ ಕೂತುಬಿಟ್ಟೆ. ಚೀಲ ಒದ್ದೆಯಾಯಿತು. ಆರು ವರ್ಷ ತಿಂಗಳಿಗೊಮ್ಮೆ ನೀನು ಬಸ್ಸು ಹತ್ತಿ ಬಂದದ್ದು ಗೆಳತಿಯನ್ನು ನೋಡಲೋ, ಕಾವಲಿಗೋ? ಇದನ್ನು ಎಷ್ಟು ಯೋಚಿಸಿದರೂ ನನಗೆ ಬಿಡಿಸಲು ಬರಲಿಲ್ಲ. ಬಹುಶಃ ಎರಡಕ್ಕೂ ಬಂದೆ. ಅದೇ ಇನ್ನೂ ಕಷ್ಟ.

ಆಗಸ್ಟಿನಲ್ಲಿ ಆಪರೇಷನ್ ಆಯಿತು. ಎಡ ನಾಳವನ್ನು ಬಿಡಿಸಿ ಮತ್ತೆ ಚೀಲಕ್ಕೆ ಜೋಡಿಸಿದರು. ಐದನೇ ದಿನ ನೀನು ಬಂದೆ. ಎಳನೀರು, ಏಲಕ್ಕಿ ಬಾಳೆಹಣ್ಣು ತಂದಿದ್ದೆ. ಹಾಸಿಗೆಯ ಅಂಚಿನಲ್ಲಿ ಕೂತು ನನ್ನ ತಲೆ ಸವರಿ, "ಅಯ್ಯೋ, ಇಷ್ಟು ವರ್ಷ ಯಾರಿಗೂ ಗೊತ್ತಾಗ್ಲಿಲ್ವಲ್ಲೇ" ಅಂದೆ. ಪ್ರಜ್ಞಾ ಎದ್ದು ಹೊರಗೆ ಹೋದಳು. ನಾನೇ ಅವಳಿಗೆ ಮುಂಚೆ ಹೇಳಿದ್ದೆ, ನೀನು ಒಂದು ಮಾತೂ ಆಡಕೂಡದು, ಸುಮನಾ ತಾನಾಗಿಯೇ ಹೇಳ್ತಾಳೆ ಅಂತ.

ಅರ್ಧ ಗಂಟೆ ಕಾದೆ. ನೀನು ಹೇಳಲಿಲ್ಲ. ಆಗ ನಾನೇ ಮಾತು ತೆಗೆದೆ. "ಆವತ್ತು ನೀನೂ ಥಿಯೇಟ್ರಲ್ಲೇ ಇದ್ಯಲ್ಲ ಸುಮನಾ, ಏನಾದ್ರೂ ಹೆಚ್ಚು ಕಮ್ಮಿ ಆಗಿತ್ತಾ?"

ನೀನು ನನ್ನ ಕಡೆ ನೋಡಲಿಲ್ಲ. ಡ್ರಿಪ್ಪಿನ ಬಾಟಲಿ ನೋಡಿದೆ. ತೊಟ್ಟು ಸರಿಯಾಗಿ ಬೀಳುತ್ತಿದ್ದರೂ ಕೈ ಚಾಚಿ ಅದನ್ನು ಒಂಚೂರು ತಿರುಗಿಸಿದೆ. "ಇಲ್ಲ, ಎಲ್ಲಾ ನಾರ್ಮಲ್ ಕಣೇ" ಅಂದೆ.

ಅವತ್ತು ನೀನು ಒಂದು ಮಾತು, "ತಪ್ಪಾಯ್ತು ಕಣೇ" ಅಂದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ನಿಜವಾಗಿ. ಕೆಲಸ ಹೋಗುತ್ತದೆ ಅಂತ ಹೆದರಿದೆ ಅಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಆಗ ಗುರುಮೂರ್ತಿಯವರು ಕೆಲಸ ಬಿಟ್ಟು ಮನೆಯಲ್ಲಿದ್ದರು, ವೇಣು ಚಿಕ್ಕವನು, ಮನೆ ನಡೆಸುತ್ತಿದ್ದವಳು ನೀನೊಬ್ಬಳೇ. ನನಗೆ ಗೊತ್ತಿಲ್ಲವೇ. ಆದರೆ ನರ್ಸಿಂಗ್ ಹೋಮ್ ಮುಚ್ಚಿತು. ಡಾಕ್ಟರು ಊರು ಬಿಟ್ಟರು. ಬೇರೆ ಕಡೆ ಕೆಲಸ ಸಿಕ್ಕಿ ಎರಡು ವರ್ಷವಾಯಿತು ನಿನಗೆ. ಆಮೇಲೂ ಯಾರ ಭಯ?

ಅಕ್ಟೋಬರಿನಲ್ಲಿ ಓಡಾಡುವ ಹಾಗಾದ ಮೇಲೆ ನಾನೊಂದು ಕೆಲಸ ಮಾಡಿದೆ. ಆ ರಿಜಿಸ್ಟರಿನಲ್ಲಿ ನನ್ನ ಹೆಸರಿಗೆ ನಾಲ್ಕು ಪುಟ ಹಿಂದೆ ಅದೇ ಅಕ್ಷರದಲ್ಲಿ ಅಂಥದೇ ಸಾಲು ಇನ್ನೊಂದಿತ್ತು. ದೇವನೂರಿನ ವಿಶಾಲಾಕ್ಷಮ್ಮ, ನಲವತ್ತಾರು ವರ್ಷ. ಊರು ಇತ್ತು, ಹೆಸರು ಇತ್ತು, ಸಾಕಲ್ಲ. ಇವರ ಬೈಕಿನಲ್ಲಿ ಹಿಂದೆ ಕೂತು ಹೋದೆ. ಬೈಕಿನ ಸೀಟಿನ ಮೇಲೆ ಕೂತದ್ದೇ ಆರು ವರ್ಷದ ಮೇಲೆ.

ದೊಡ್ಡ ಮನೆ, ಮುಂದೆ ಕೊಬ್ಬರಿ ಒಣಹಾಕಿದ್ದರು. ಮಗ ಬಂದು, "ಅವ್ವ ಹಿತ್ಲಲ್ಲವ್ರೆ, ಯಾರೂ ಮಾತಾಡ್ಸಲ್ಲ ಅವ್ರನ್ನ, ಅವ್ರೂ ಯಾರನ್ನೂ ಮಾತಾಡ್ಸಲ್ಲ" ಅಂದ. ಹಿತ್ತಲಲ್ಲಿ ಸೌದೆ ಕೋಣೆಯ ಪಕ್ಕ ಗೋಣಿಚೀಲದ ಮೇಲೆ ಒಬ್ಬರು ಕೂತಿದ್ದರು. ಪಕ್ಕದಲ್ಲಿ ಅವರದೇ ತಟ್ಟೆ, ಅವರದೇ ಚೊಂಬು. ನಾನು ಹತ್ತಿರ ಹೋದ ಹಾಗೆ, "ದೂರ, ದೂರ" ಅಂತ ಕೈ ಮಾಡಿದರು. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ.

"ಅಕ್ಕಾ, ಸುಮ್ನೆ ಕೂತಿದ್ರೂ ಸೋರ್ತದಾ? ಅದರ ಜೊತೆ ಉಚ್ಚೆಗೂ ಹೋಗ್ತೀರಾ?"

ಅವರು ನನ್ನ ಮುಖವನ್ನೇ ನೋಡಿದರು. "ಯಾರು ಹೇಳಿದ್ರೇ ನಿಂಗೆ?" ಅಂದರು.

"ಯಾರೂ ಹೇಳಿಲ್ಲ. ನಂಗೂ ಹಂಗೇ ಆಗಿತ್ತು. ತರೀಕೆರೇಲಿ ಗರ್ಭಕೋಶ ತೆಗೆಸಿದ್ಮೇಲೆ."

"ನಂಗೆ ಕರ್ಮ ಅಂದ್ರು. ಅಲ್ಲೊಬ್ಳು ನರ್ಸಮ್ಮ ಇದ್ಲು, ಒಳ್ಳೇಳು. ಎಲ್ರಿಗೂ ಹಿಂಗೇ ಆಗ್ತದೆ ತಾಯಿ, ಬಿಗಿ ಹಿಡಿದು ಹತ್ತು ಎಣ್ಸಿ ಅಂದ್ಲು. ಇವತ್ತಿಗೂ ಎಣುಸ್ತೀನಿ."

ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. "ಎಣಿಸ್ಬೇಡಿ ಅಕ್ಕಾ. ಎಣಿಸೋದ್ ಬಿಡಿ. ಇದಕ್ಕೆ ಕಾರಣ ಇದೆ, ಪರೀಕ್ಷೆ ಇದೆ. ಏಳಿ" ಅಂದೆ. ಮಗನಿಗೆ ನನ್ನ ಸ್ಕ್ಯಾನು, ಕಾಗದ ಎಲ್ಲ ತೋರಿಸಿದೆ. ಅವನು ಓದಿ ಅಲ್ಲೇ ಕಂಬಕ್ಕೆ ಒರಗಿಕೊಂಡ. ಹೋದ ವಾರ ಅವರಿಗೂ ಪರೀಕ್ಷೆ ಆಯಿತು. ಬಟ್ಟೆ ಕೇಸರಿಯೇ ಬಂತು. ಆದರೆ ಅವರ ಆ ಕಡೆಯ ಕಿಡ್ನಿ ಪೂರ್ತಿ ಸತ್ತಿದೆ, ತೆಗೆಯಬೇಕಂತೆ. ಸೋರುವುದು ಅದರಿಂದ ನಿಲ್ಲುತ್ತದೆ. ಉಳಿದ ಒಂದರಲ್ಲಿ ಅವರು ಬದುಕಬೇಕು.

ನನ್ನೊಬ್ಬಳ ವಿಷಯವಾಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ವಿಶಾಲಾಕ್ಷಮ್ಮನವರ ಗೋಣಿಚೀಲ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅವರೂ ನಾನೂ ಸೇರಿ ಡಾಕ್ಟರ ಮೇಲೆ ದೂರು ಬರೆದಿದ್ದೇವೆ. ರಿಜಿಸ್ಟರಿನ ಎರಡೂ ಪುಟ ಅದರ ಜೊತೆಯಲ್ಲಿದೆ. ಹಾಲೇಶ್ ಹೇಳಿಕೆ ಕೊಡುತ್ತೇನೆ ಅಂದಿದ್ದಾನೆ. ನಿನ್ನ ಹೆಸರು ಆರೋಪಿ ಅಂತ ಹಾಕಿಲ್ಲ, ಸಾಕ್ಷಿ ಅಂತ ಹಾಕಿದ್ದೇವೆ. ಪ್ರಜ್ಞಾ ಒಪ್ಪಲಿಲ್ಲ, ನಾನೇ ಹಟ ಮಾಡಿದೆ. ನಿನಗೆ ಕಾಗದ ಬರುತ್ತದೆ. ಕರೆದ ದಿನ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳು. ಆ ರಿಜಿಸ್ಟರಿನಲ್ಲಿ ಸತ್ಯ ಬರೆದವಳು ನೀನೇ. ಬರೆಯದೆ ಬಿಡಬಹುದಿತ್ತು, ಬಿಡಲಿಲ್ಲ. ಆ ದಿನ ನಿನ್ನ ಕೈ ಸುಳ್ಳು ಬರೆಯಲು ಒಪ್ಪಲಿಲ್ಲ ಅನ್ನುವುದೊಂದೇ ನನಗೆ ಉಳಿದಿರುವ ಸುಮನಾ. ನನ್ನಿಂದ ಮಾತ್ರ ನೀನು ಅದನ್ನು ಮುಚ್ಚಿಟ್ಟೆ.

ಹೀಗೇ ಇನ್ಯಾರಾದರೂ ನಿನಗೆ ನೆನಪಿದ್ದರೆ ಅವರ ಹೆಸರು, ಊರು ಬರೆದು ಕಳಿಸು. ಉತ್ತರದಲ್ಲಿ ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ. ನಾನು ಹೋಗಿ ಎಬ್ಬಿಸಿಕೊಂಡು ಬರುತ್ತೇನೆ.

ವೇಣು ಈ ವರ್ಷ ಪಿಯುಸಿ ಅಲ್ಲವೇ. ಚೆನ್ನಾಗಿ ಓದಲಿ, ಅವನ ಮೇಲೆ ನನಗೆ ಯಾವ ಬೇಸರವೂ ಇಲ್ಲ, ನನ್ನ ಹರಸುವ ಕೈ ಅವನ ತಲೆ ಮೇಲೆ ಯಾವಾಗಲೂ ಇರುತ್ತದೆ. ನಿನ್ನ ಮಂಡಿ ನೋವಿಗೆ ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡು. ನಿನಗೂ ನಿನ್ನ ಮನೆಗೂ ಒಳ್ಳೆಯದಾಗಲಿ ಅಂತಲೇ ಬರೆಯುತ್ತಿದ್ದೇನೆ. ಬರೆಯುವಾಗ ಕೈ ತಡೆಯಿತು, ಆದರೂ ಬರೆದೆ.

ಇಂತಿ,
ತ್ರಿವೇಣಿ

ಇನ್ನೊಂದು ಮಾತು. ಇದನ್ನು ಒಳಗೆ ಬರೆಯಲು ಆಗಲಿಲ್ಲ.

2021ರಲ್ಲಿ ನಮ್ಮವ್ವ ಹೋದ ದಿನ ನೀನು ಇಲ್ಲೇ ಇದ್ದೆ. ಮೂರು ದಿನದಿಂದ ನೀನೇ ಡ್ರಿಪ್ ಹಾಕುತ್ತಿದ್ದೆ. ನಮ್ಮವ್ವನನ್ನು ನೀನೂ ಅವ್ವ ಅಂತಲೇ ಕರೆಯುತ್ತಿದ್ದೆ. ನಿಮ್ಮ ಮನೆಯಲ್ಲಿ ಗೊತ್ತಾದರೆ ಬೈತಾರೆ ಅಂತ ಕದ್ದು ಬಂದು ಅವಳ ತಟ್ಟೆಯಲ್ಲಿ ಮುದ್ದೆ ಉಂಡವಳು ನೀನು. ಅವತ್ತು ಮಧ್ಯಾಹ್ನ ಅವ್ವ ಕಣ್ಣು ಬಿಡದೆ, "ತ್ರಿವೇಣೀ, ತಲೆ ಇಡ್ತೀನಿ, ತೊಡೆ ಕೊಡೇ ಮಗಾ" ಅಂದಳು. ನಾನು ಒದ್ದೆಯಾಗಿದ್ದೆ. ಸಾಯುವ ಅವ್ವನ ಕೆನ್ನೆಗೆ ನನ್ನ ಉಚ್ಚೆ ತಾಗಬಾರದು ಅಂತ, "ತಡಿ ಅವ್ವ, ದಿಂಬು ಕೊಡ್ತೀನಿ" ಅಂದೆ. ಅವಳು ದಿಂಬು ತಳ್ಳಿದಳು. ಮತ್ತೆ ಕೇಳಿದಳು. ನಾನು ಗೋಡೆಗೆ ಒರಗಿ ನಿಂತೆ. ಆಗ ನೀನು ಕೂತು ಅವಳ ತಲೆಯನ್ನು ನಿನ್ನ ತೊಡೆಯ ಮೇಲೆ ಇಟ್ಟುಕೊಂಡೆ. ದೇವರು ನಿನ್ನಂಥ ಗೆಳತಿಯನ್ನು ಕೊಟ್ಟನಲ್ಲ ಅಂತ ನಾನು ನಿಂತಲ್ಲೇ ನಿನಗೆ ಕೈ ಮುಗಿದೆ. ನೀನು ನನ್ನ ಮುಗಿದ ಕೈಯನ್ನು ನೋಡಿದೆ. ನನಗೆ ಏನಾಗಿದೆ, ಎಲ್ಲಿ ವಾಸಿಯಾಗುತ್ತದೆ ಅಂತ ಗೊತ್ತಾಗಿ ನಿನಗೆ ಆಗಲೇ ಮೂರು ವರ್ಷ.

ಅವ್ವ ನಿನ್ನ ಕೈ ತಡಕಿ ಹಿಡಿದುಕೊಂಡು "ತ್ರಿವೇಣೀ" ಅಂದಳು. ನೀನು "ಹೂಂ ಅವ್ವಾ, ಇಲ್ಲೇ ಇದೀನಿ" ಅಂದೆ.